ಕಾಳಿಗೆ ಸತು: ಖಾನಾಪುರದ ಭತ್ತ, ಬೆಳಗಾವಿಯ ಜೋಳ ಮತ್ತು ಗೊಬ್ಬರದಿಂದ ಆಗುವಷ್ಟು

ಬೆಳಗಾವಿ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಲೂ ಜಡಿಮಳೆಗೆ ತೊಳೆದುಹೋದ ಕೆಂಪು ಜಂಬಿಟ್ಟಿಗೆ ಮಣ್ಣಿದ್ದು, ಅಲ್ಲಿ ಭತ್ತವೇ ಬೆಳೆ, ಅನ್ನವೇ ಊಟ; ಅದೇ ನದಿ ಸವದತ್ತಿಯ ನವಿಲುತೀರ್ಥವನ್ನು ಮುಟ್ಟುವ ಹೊತ್ತಿಗೆ ನೆಲ ಕಪ್ಪು ಎರೆಯಾಗಿ, ತಾಟಿನಲ್ಲಿ ಜೋಳದ ರೊಟ್ಟಿ ಬಂದಿರುತ್ತದೆ. ಈ ಎರಡು ನೆಲಗಳ ನಡುವೆ ಖಾನಾಪುರ ತಾಲ್ಲೂಕು ಹರಡಿಕೊಂಡಿದ್ದು, ಜಾಂಬೋಟಿಯ ಕಡೆ ಅದು ಮಲೆನಾಡು, ಬೀಡಿ ಮತ್ತು ಇಟಗಿಯ ಕಡೆ ಬಯಲುಸೀಮೆಯ ಬಾಗಿಲು. ಬೆಳೆಗೆ ಹಾಕುವ ಗೊಬ್ಬರದ ಮೂಲಕವೇ ಕಾಳಿನಲ್ಲಿ ಮನುಷ್ಯನಿಗೆ ಬೇಕಾದ ಲಘು ಪೋಷಕಾಂಶಗಳನ್ನು ಹೆಚ್ಚಿಸುವ ವಿಧಾನವನ್ನು ಈ ಭಾಗದ ರೈತರು ಅಳವಡಿಸಿಕೊಳ್ಳುವ ಮುನ್ನ, ಅದು ಯಾವ ಪೋಷಕಾಂಶಕ್ಕೆ ಫಲ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಮತ್ತು ಅದರ ಲಾಭ ಯಾರ ಮನೆಗೆ ಸೇರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕಾಗುತ್ತದೆ.

ಲಘು ಪೋಷಕಾಂಶಗಳೆಂದರೆ ಮನುಷ್ಯನಿಗೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದರೂ ಇಲ್ಲದೆ ನಡೆಯದಂಥ ಸತು, ಕಬ್ಬಿಣ, ಅಯೋಡಿನ್, ಸೆಲೆನಿಯಂ ಮುಂತಾದ ಧಾತುಗಳು. ಹೊಟ್ಟೆ ತುಂಬಿದ್ದರೂ ಇವುಗಳ ಕೊರತೆ ಇರಬಹುದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. 2016ರಿಂದ 2018ರವರೆಗೆ ದೇಶದಾದ್ಯಂತ ನಡೆದ ಸಮಗ್ರ ಪೋಷಣೆ ಸಮೀಕ್ಷೆಯಲ್ಲಿ ಹದಿಹರೆಯದವರ ಪೈಕಿ ಸುಮಾರು ಮೂರರಲ್ಲೊಬ್ಬರಿಗೆ ಸತುವಿನ ಕೊರತೆ ಕಂಡುಬಂದಿತು. ವಯಸ್ಕ ಗಂಡಸಿಗೆ ದಿನಕ್ಕೆ 17 ಮಿಲಿಗ್ರಾಂ, ಹೆಂಗಸಿಗೆ 13.2 ಮಿಲಿಗ್ರಾಂ ಸತು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ನಿಗದಿಪಡಿಸಿದೆ. ಪೋಷಕಾಂಶದ ಪ್ರಶ್ನೆ ಬೆಳಗಾವಿಗೆ ಹೊಸದೇನಲ್ಲ: ಗರ್ಭ ಧರಿಸುವ ಮೊದಲೇ ಮಹಿಳೆಯರಿಗೆ ಲಘು ಪೋಷಕಾಂಶಯುಕ್ತ ಪೂರಕ ಆಹಾರ ಕೊಟ್ಟು ಶಿಶುವಿನ ಬೆಳವಣಿಗೆಯನ್ನು ಅಳೆದ, ನಾಲ್ಕು ದೇಶಗಳಲ್ಲಿ ನಡೆದ ‘ವಿಮೆನ್ ಫಸ್ಟ್’ ಅಧ್ಯಯನದ ಭಾರತದ ಕ್ಷೇತ್ರ ಬೆಳಗಾವಿಯ ಗ್ರಾಮೀಣ ಭಾಗವೇ ಆಗಿತ್ತು. ಅದು ತಾಟಿನ ಕಡೆಯಿಂದ ಹೊರಟ ಪ್ರಯತ್ನವಾದರೆ, ಇಲ್ಲಿ ವಿಚಾರಿಸುತ್ತಿರುವುದು ಹೊಲದ ಕಡೆಯಿಂದ ಹೊರಡುವ ದಾರಿಯನ್ನು.

ಹೊಲದ ದಾರಿಯಲ್ಲೂ ಎರಡು ಕವಲುಗಳಿವೆ. ಮೊದಲನೆಯದರಲ್ಲಿ ತಳಿ ವಿಜ್ಞಾನಿಗಳು ಹೆಚ್ಚು ಸತು ಅಥವಾ ಕಬ್ಬಿಣವನ್ನು ಕಾಳಿಗೆ ಸಾಗಿಸುವ ತಳಿಯನ್ನೇ ರೂಪಿಸುತ್ತಾರೆ; ಭತ್ತದ ಡಿಆರ್‌ಆರ್ ಧಾನ್ 45, ಜೋಳದ ಪರಭಣಿ ಶಕ್ತಿ, ಗೋಧಿಯ ಎಂಎಸಿಎಸ್ 4028 ಈ ಬಗೆಯವು. ಎರಡನೆಯದರಲ್ಲಿ ರೈತನ ಕೈಯಲ್ಲಿರುವ ತಳಿಯನ್ನು ಬದಲಿಸದೆ ಮಣ್ಣಿಗೆ ಅಥವಾ ಎಲೆಗೆ ಪೋಷಕಾಂಶ ಕೊಟ್ಟು ಕಾಳನ್ನು ಸಾರವಂತಗೊಳಿಸಲಾಗುತ್ತದೆ. ಈ ಎರಡನೆಯ ಕವಲಿಗೆ ಜಗತ್ತಿನಲ್ಲಿ ಗಟ್ಟಿಯಾದ ಉದಾಹರಣೆಗಳಿವೆ. ಸೆಲೆನಿಯಂ ತೀರ ಕಡಿಮೆಯಿದ್ದ ಫಿನ್ಲೆಂಡ್ ದೇಶ 1984ರಲ್ಲಿ ತನ್ನ ರಸಗೊಬ್ಬರಗಳಿಗೆ ಸೆಲೆನಿಯಂ ಸೇರಿಸುವ ತೀರ್ಮಾನ ಕೈಗೊಂಡ ಮೇಲೆ ಅಲ್ಲಿನ ಧಾನ್ಯ, ಹಾಲು ಮತ್ತು ಜನರ ರಕ್ತದಲ್ಲಿ ಅದರ ಮಟ್ಟ ಏರಿತು. ಟರ್ಕಿಯ ಮಧ್ಯ ಅನಟೋಲಿಯಾ ಪ್ರಸ್ಥಭೂಮಿಯಲ್ಲಿ ವಿಜ್ಞಾನಿ ಇಸ್ಮಾಯಿಲ್ ಚಾಕ್ಮಾಕ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಗೋಧಿಗೆ ಸತು ಕೊಟ್ಟು ಇಳುವರಿಯನ್ನೂ ಕಾಳಿನ ಸತುವನ್ನೂ ಒಟ್ಟಿಗೆ ಹೆಚ್ಚಿಸಿ ತೋರಿಸಿದರು. ಭಾರತದ ಮಟ್ಟಿಗೆ ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದಲ್ಲಿ ಭತ್ತವನ್ನು ಕಾಡುತ್ತಿದ್ದ ‘ಖೈರಾ’ ಎಂಬ ಬಾಧೆಗೆ ಶಿಲೀಂಧ್ರವಲ್ಲ, ಸತುವಿನ ಕೊರತೆಯೇ ಕಾರಣವೆಂದು ಪಂತನಗರದಲ್ಲಿ ವಿಜ್ಞಾನಿ ವೈ. ಎಲ್. ನೇನೆ ಅವರು 1960ರ ದಶಕದ ಮಧ್ಯಭಾಗದಲ್ಲಿ ಗುರುತಿಸಿದ ಮೇಲೆ ಜಿಂಕ್ ಸಲ್ಫೇಟ್ ಎಂಬ ಹೆಸರು ದೇಶದ ಭತ್ತದ ರೈತರಿಗೆ ಪರಿಚಯವಾಗತೊಡಗಿತು.

ಸತು ಒಲಿಯುತ್ತದೆ, ಕಬ್ಬಿಣ ಒಲಿಯುವುದಿಲ್ಲ

ರಕ್ತಹೀನತೆಯ ಅಂಕಿಗಳನ್ನು ನೋಡಿದವರಿಗೆ ಮೊದಲು ತೋಚುವುದು ಬೆಳೆಗೆ ಕಬ್ಬಿಣ ಕೊಡುವ ವಿಚಾರ. ಆದರೆ ಗೊಬ್ಬರದ ದಾರಿ ಅತ್ಯಂತ ದುರ್ಬಲವಾಗಿರುವುದು ಅಲ್ಲಿಯೇ. ಎರೆ ಹೊಲಕ್ಕೆ ಹಾಕಿದ ಫೆರಸ್ ಸಲ್ಫೇಟ್, ಅಂದರೆ ಅನ್ನಭೇದಿ, ಸುಣ್ಣದಂಶವಿರುವ ಕ್ಷಾರ ಮಣ್ಣಿನಲ್ಲಿ ಗಾಳಿ ತಾಗಿದೊಡನೆ ಗಿಡ ಹೀರಲಾಗದ ರೂಪಕ್ಕೆ ತಿರುಗಿಬಿಡುತ್ತದೆ. ಎಲೆಗೆ ಸಿಂಪಡಿಸಿದ ಕಬ್ಬಿಣ ಎಲೆಯ ಹಳದಿ ಬಣ್ಣವನ್ನು ಹೋಗಲಾಡಿಸೀತೇ ಹೊರತು ಅಲ್ಲಿಂದ ಕಾಳಿಗೆ ಸಾಗುವುದು ಅಲ್ಪ. ಸತುವಿನ ಗುಣ ಬೇರೆ. ಎಲೆಯ ಮೇಲೆ ಬಿದ್ದ ಸತು ಒಳಕ್ಕೆ ಇಳಿದು, ಗಿಡ ಕಾಳಿಗೆ ಸಕ್ಕರೆಯನ್ನು ಸಾಗಿಸುವ ನಾಳಗಳಲ್ಲೇ ಪಯಣಿಸಿ, ಕಾಳಿನ ತೌಡು ಮತ್ತು ಮೊಳಕೆಯ ಭಾಗದಲ್ಲಷ್ಟೇ ಅಲ್ಲದೆ ಒಂದಿಷ್ಟು ತಿರುಳಿನಲ್ಲೂ ನೆಲೆಗೊಳ್ಳುತ್ತದೆ. ಆದಕಾರಣ ಗೊಬ್ಬರದ ಮೂಲಕ ಕಾಳನ್ನು ಪುಷ್ಟಿಗೊಳಿಸುವ ಮಾತು ಬಂದಾಗ ಬೆಳಗಾವಿಯಂಥ ಕಡೆ ಅದನ್ನು ಬಹುಪಾಲು ಸತುವಿನ ಮಾತೆಂದೇ ತಿಳಿಯುವುದು ಒಳಿತು. ಕಬ್ಬಿಣಕ್ಕೆ ಸೊಪ್ಪು, ಬೇಳೆಕಾಳು, ಮಾಂಸ, ಅಂಗನವಾಡಿ ಮತ್ತು ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಕಬ್ಬಿಣ-ಫೋಲಿಕ್ ಆಮ್ಲದ ಮಾತ್ರೆ ಇವೇ ದಾರಿ. ಅಯೋಡಿನ್ ಉಪ್ಪಿನಲ್ಲೇ ಮನೆಗೆ ಬರುತ್ತಿದೆ. ಸೆಲೆನಿಯಂ ವಿಷಯದಲ್ಲಿ ಫಿನ್ಲೆಂಡನ್ನು ಅನುಕರಿಸುವ ಉತ್ಸಾಹ ಬೇಡವೇ ಬೇಡ; ಪಂಜಾಬಿನ ಹೋಶಿಯಾರಪುರ ಮತ್ತು ನವಾಂಶಹರ ಭಾಗದ ಕೆಲವು ನೆಲಗಳಲ್ಲಿ ಅದು ತಾನಾಗಿಯೇ ವಿಪರೀತವಿದ್ದು ದನಗಳಿಗೆ ವಿಷವಾಗಿರುವುದು ಎಚ್ಚರಿಕೆಗೆ ಸಾಕು.

ಸತು ಎಲ್ಲ ಮಣ್ಣಿನಲ್ಲೂ ಒಂದೇ ಕಾರಣಕ್ಕೆ ಕೊರತೆಯಾಗುವುದಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಅಥಣಿಯ ಎರೆ ಭೂಮಿಯಲ್ಲಿ ಸತು ಇದ್ದರೂ ಕ್ಷಾರತೆ ಮತ್ತು ಸುಣ್ಣ ಅದನ್ನು ಬಿಗಿಯಾಗಿ ಹಿಡಿದಿಡುತ್ತವೆ. ಖಾನಾಪುರದ ಪಶ್ಚಿಮ ಭಾಗದ ಹುಳಿ ಮಣ್ಣಿನಲ್ಲಿ ಸತು ಸುಲಭವಾಗಿ ಕರಗುವುದು ನಿಜವಾದರೂ ವರ್ಷಗಟ್ಟಲೆಯ ಮಳೆ ಅದನ್ನೂ ಬೋರಾನನ್ನೂ ಕೊಚ್ಚಿ ಒಯ್ದಿರುವ ಸಾಧ್ಯತೆಯಿದೆ. ಅದಲ್ಲದೆ ಗದ್ದೆಯಲ್ಲಿ ನೀರು ವಾರಗಟ್ಟಲೆ ನಿಂತರೆ ಮಣ್ಣಿನೊಳಗೆ ಗಾಳಿಯಿಲ್ಲದ ಸ್ಥಿತಿ ಉಂಟಾಗಿ ಸತು ಗಂಧಕ ಮೊದಲಾದವುಗಳೊಡನೆ ಸೇರಿ ಕರಗದ ರೂಪಕ್ಕೆ ತಿರುಗುತ್ತದೆ. ಅದೇ ನಿಂತ ನೀರಿನಲ್ಲಿ ಕಬ್ಬಿಣ ಮಾತ್ರ ತದ್ವಿರುದ್ಧವಾಗಿ ಕರಗಿ ಮೇಲೆದ್ದು, ಜಂಬಿಟ್ಟಿಗೆ ಕಣಿವೆಗಳ ತಗ್ಗಿನ ಗದ್ದೆಗಳಲ್ಲಿ ಗಿಡಕ್ಕೇ ನಂಜಾಗುವಷ್ಟು ಹೆಚ್ಚುವುದುಂಟು. ಅಂಥ ಗದ್ದೆಗೆ ಕಬ್ಬಿಣದ ಗೊಬ್ಬರ ಸುರಿಯುವುದು ಗಾಯದ ಮೇಲೆ ಉಪ್ಪು ಸವರಿದ ಹಾಗೆ. ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯೊಡನೆ 2009ರಲ್ಲಿ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ರಾಜ್ಯದಾದ್ಯಂತ ಮಣ್ಣು ಪರೀಕ್ಷೆ ನಡೆದಾಗ ಸಾರಜನಕ, ರಂಜಕಗಳಷ್ಟೇ ಅಲ್ಲದೆ ಸತು, ಬೋರಾನ್ ಮತ್ತು ಗಂಧಕದ ಕೊರತೆಯೂ ವ್ಯಾಪಕವಾಗಿದೆಯೆಂಬುದು ಬೆಳಕಿಗೆ ಬಂದಿತ್ತು; ಹಾಗಿದ್ದರೂ ತಾಲ್ಲೂಕಿನ ಸರಾಸರಿಯನ್ನು ನಂಬಿ ತನ್ನ ತಾಕಿಗೆ ಗೊಬ್ಬರ ಹಾಕುವುದು ಸರಿಯಲ್ಲ, ಏಕೆಂದರೆ ಖಾನಾಪುರದಲ್ಲಿ ಒಂದೇ ಊರಿನ ಏರಿನ ಹೊಲಕ್ಕೂ ತಗ್ಗಿನ ಗದ್ದೆಗೂ ಮಣ್ಣಿನ ಗುಣ ಬೇರೆಯಾಗಿರುತ್ತದೆ.

ಗಿಡ ತಾನೇ ಲಕ್ಷಣ ತೋರಿಸುತ್ತದೆ, ಆದರೆ ಆ ಲಕ್ಷಣಗಳು ಮೋಸಗೊಳಿಸುವಂಥವು. ಭತ್ತದಲ್ಲಿ ಸತು ಕಡಿಮೆಯಾದರೆ ಮೊಳೆತ ಅಥವಾ ನಾಟಿ ಮಾಡಿದ ಎರಡು ಮೂರು ವಾರಗಳಲ್ಲಿ ಎಳೆಯ ಎಲೆಯ ಬುಡದ ಕಡೆ ನಡುನರ ಬಿಳಿಚಿಕೊಂಡು, ಕೆಳಗಿನ ಎಲೆಗಳಲ್ಲಿ ತುಕ್ಕು ಬಣ್ಣದ ಚುಕ್ಕೆಗಳು ಹರಡಿ, ಬೆಳೆ ಅಲ್ಲಲ್ಲಿ ಗುಂಪಾಗಿ ಕುಗ್ಗುತ್ತದೆ. ಕಬ್ಬಿಣ ಹೆಚ್ಚಾದಾಗಲೂ ಕೆಳಗಿನ ಎಲೆಗಳಲ್ಲಿ ಸಣ್ಣ ಕಂದು ಚುಕ್ಕೆಗಳು ಕಾಣಿಸುತ್ತವೆ, ಆದರೆ ಅವು ತುದಿಯಿಂದ ಬುಡಕ್ಕೆ ಇಳಿಯುತ್ತವೆ. ಮಳೆ-ಮಂಜಿನ ಈ ಸೀಮೆಯಲ್ಲಿ ಬೆಂಕಿ ರೋಗ ಮತ್ತು ಕಂದುಚುಕ್ಕೆ ರೋಗವೂ ಇರುವುದರಿಂದ, ಎಲೆ ಕೆಂಪಾದೊಡನೆ ಅಂಗಡಿಯಿಂದ ಶಿಲೀಂಧ್ರನಾಶಕ ತಂದು ಹೊಡೆಯುವ ರೂಢಿಯಲ್ಲಿ ಹಣ ಪೋಲಾಗುವುದೇ ಹೆಚ್ಚು. ಗೋವಿನಜೋಳದಲ್ಲಿ ಗುರುತು ಸ್ಪಷ್ಟ: ಎಳೆಯ ಎಲೆಯ ನಡುನರದ ಎರಡೂ ಪಕ್ಕಗಳಲ್ಲಿ ಬಿಳಿಯ ಅಗಲ ಪಟ್ಟೆ ಮೂಡುತ್ತದೆ.

ಮಣ್ಣಿನಿಂದ ಎಲೆಯವರೆಗೆ

ಪರೀಕ್ಷೆಗೆ ಮಣ್ಣು ತೆಗೆಯಲು ಸುಗ್ಗಿ ಮುಗಿದು ಬಿತ್ತನೆಗೆ ಮೊದಲಿನ ಬಿಡುವು, ಖಾನಾಪುರದ ಲೆಕ್ಕದಲ್ಲಿ ಏಪ್ರಿಲ್‌ನಿಂದ ಮೇ ತಿಂಗಳ ಮೊದಲ ಭಾಗ, ತಕ್ಕ ಸಮಯ. ಬದು, ತಿಪ್ಪೆ, ಮರದ ನೆರಳು ಬಿಟ್ಟು ತಾಕಿನ ಹತ್ತು ಹದಿನೈದು ಕಡೆ ಆರು ಅಂಗುಲ ಆಳದವರೆಗೆ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಅಗೆದು, ಅಂಚಿನ ಮಣ್ಣನ್ನು ಸಮನಾಗಿ ಕೆರೆದು, ಎಲ್ಲವನ್ನೂ ಬೆರೆಸಿ ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ ಬಂದು ಅರ್ಧ ಕಿಲೋ ಉಳಿಸಿಕೊಳ್ಳುವ ಕ್ರಮ ಬಹುಮಂದಿಗೆ ಗೊತ್ತಿದೆ. ಗೊತ್ತಿಲ್ಲದ ಸೂಕ್ಷ್ಮವೊಂದಿದೆ: ಸತುವನ್ನು ಅಳೆಯಬೇಕಾದಾಗ ತಗಡಿನ ಬಕೆಟ್ಟನ್ನು ಮುಟ್ಟಬಾರದು, ಏಕೆಂದರೆ ಅದರ ಲೇಪವೇ ಸತು, ತುಕ್ಕು ಹಿಡಿದ ಗುದ್ದಲಿಯಿಂದ ಅಗೆದರೆ ಕಬ್ಬಿಣದ ಲೆಕ್ಕ ಕೆಡುತ್ತದೆ. ಗುದ್ದಲಿ ತಾಗಿದ ಪದರವನ್ನು ಮರದ ಚಕ್ಕೆಯಿಂದ ಕೆರೆದು ಬಿಟ್ಟು, ಒಳಗಿನ ಮಣ್ಣನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೂಡಿಸಬೇಕು. ಮಾದರಿಯನ್ನು ರೈತ ಸಂಪರ್ಕ ಕೇಂದ್ರದ ಮೂಲಕ ಕೃಷಿ ಇಲಾಖೆಯ ಪ್ರಯೋಗಾಲಯಕ್ಕೆ ಕಳುಹಿಸಬಹುದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿದ್ದು, ಡಿಟಿಪಿಎ ಎಂಬ ದ್ರಾವಣದಲ್ಲಿ ಮಣ್ಣನ್ನು ಕಲಕಿ ಅಳೆದ ಸತು 0.6 ಪಿಪಿಎಂಗಿಂತ, ಅಂದರೆ ಕಿಲೋ ಮಣ್ಣಿಗೆ 0.6 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯೆಂದು ಓದಿಕೊಳ್ಳಬೇಕು.

ಕೊರತೆಯಿದ್ದರೆ ಎಕರೆಗೆ 8ರಿಂದ 10 ಕಿಲೋ ಜಿಂಕ್ ಸಲ್ಫೇಟ್ ಸಾಕು, ಅದೂ ಪ್ರತಿ ಬೆಳೆಗೆ ಬೇಡ, ಎರಡು ಮೂರು ಬೆಳೆಗೊಮ್ಮೆ. ಇದು ಶೇ 21 ಸತು ಇರುವ ಹೆಪ್ಟಾಹೈಡ್ರೇಟ್ ಎಂಬ ಹರಳಿನ ಲೆಕ್ಕ. ಶೇ 33ರ ಮೊನೊಹೈಡ್ರೇಟ್ ಆದರೆ ಆರು ಕಿಲೋ ಮೀರಬೇಕಿಲ್ಲ, ಆದ್ದರಿಂದ ಚೀಲದ ಮೇಲಿನ ಅಂಕಿಯನ್ನು ಓದದೆ ಕೊಳ್ಳಬಾರದು. ಮೇ ಕೊನೆಗೆ ಕೂರಿಗೆಯಿಂದ ಒಣಬಿತ್ತನೆ ಮಾಡುವವರು ಕೊನೆಯ ಹರಗುವಿಕೆಗೆ ಮೊದಲು ಅದನ್ನು ಹದವಾಗಿ ಕೊಳೆತ ತಿಪ್ಪೆಗೊಬ್ಬರದಲ್ಲಿ ಬೆರೆಸಿ ಚೆಲ್ಲುವುದು ಉತ್ತಮ. ಡಿಎಪಿಯೊಡನೆ ಮಾತ್ರ ಎಂದೂ ಬೆರೆಸಬಾರದು. ಡಿಎಪಿಯ ರಂಜಕ ಸತುವನ್ನು ಹಿಡಿದು ಕರಗದ ಲವಣವಾಗಿಸುತ್ತದೆ. ಇದೇ ಗುಣವನ್ನು ನಕಲಿ ಮಾಲು ಪತ್ತೆಹಚ್ಚಲು ಬಳಸಿಕೊಳ್ಳಬಹುದು. ಜಿಂಕ್ ಸಲ್ಫೇಟನ್ನೇ ಹೋಲುವ ಅಗ್ಗದ ಮೆಗ್ನೀಸಿಯಂ ಸಲ್ಫೇಟ್ ಕಲಬೆರಕೆಯಾಗುವುದುಂಟು. ಡಿಎಪಿಯ ತಿಳಿನೀರಿಗೆ ಅಸಲಿ ಜಿಂಕ್ ಸಲ್ಫೇಟಿನ ನೀರು ಸುರಿದರೆ ದಟ್ಟ ಬಿಳಿಯ ಮುದ್ದೆ ಕಟ್ಟುತ್ತದೆ, ಮೆಗ್ನೀಸಿಯಂ ಸಲ್ಫೇಟಿನದಾದರೆ ಹಾಗಾಗುವುದಿಲ್ಲ.

ಮಣ್ಣಿಗೆ ಹಾಕಿದ ಸತು ಮುಖ್ಯವಾಗಿ ಇಳುವರಿಗೆ. ಕಾಳಿನೊಳಗಿನ ಸತುವಿಗೆ ಬೇಕಾದುದು ಎಲೆಗೆ ಹೊಡೆಯುವ ಸಿಂಪರಣೆ, ಅದೂ ಬೆಳೆಯ ಕೊನೆಯ ಹಂತದಲ್ಲಿ. ಒಂದು ಎಕರೆಗೆ 200 ಲೀಟರ್ ನೀರು ಹಿಡಿದು, ಲೀಟರಿಗೆ 5 ಗ್ರಾಂನಂತೆ ಒಂದು ಕಿಲೋ ಹೆಪ್ಟಾಹೈಡ್ರೇಟ್ ಹರಳನ್ನು ಕರಗಿಸಿ, ಅದರ ಹುಳಿ ಎಲೆಯನ್ನು ಸುಡದಂತೆ ಅರ್ಧ ಕಿಲೋ ಸುಣ್ಣವನ್ನು ಹಿಂದಿನ ರಾತ್ರಿ ನೆನೆಸಿಟ್ಟು ಮೇಲಿನ ತಿಳಿನೀರನ್ನಷ್ಟೇ ಸೋಸಿ ಬೆರೆಸಬೇಕು. ಗಸಿ ಸೇರಿದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಮೊದಲನೆಯ ಸಿಂಪರಣೆ ತೆನೆ ಹೊರಡುವ ಹೊತ್ತಿಗೆ, ಎರಡನೆಯದು ಕಾಳಿಗೆ ಹಾಲು ತುಂಬುವಾಗ. ಭತ್ತದ ಹೂ ಬೆಳಗಿನ ಒಂಬತ್ತರಿಂದ ಮಧ್ಯಾಹ್ನದೊಳಗೆ ಅರಳುವುದರಿಂದ ಆ ವೇಳೆ ಬಿಟ್ಟು ಇಳಿಹೊತ್ತಿನಲ್ಲಿ ಹೊಡೆಯಬೇಕು. ಖಾನಾಪುರದ ಮಟ್ಟಿಗೆ ಕಷ್ಟವಿರುವುದು ಮಳೆಯ ಜೊತೆ: ತೆನೆ ಹೊರಡುವ ಸೆಪ್ಟೆಂಬರಿನಲ್ಲಿ ಘಟ್ಟದಂಚಿಗೆ ಮಳೆ ನಿಂತಿರುವುದಿಲ್ಲ, ಸಿಂಪಡಿಸಿದ್ದೆಲ್ಲ ಸಂಜೆಗೇ ತೊಳೆದುಹೋದೀತು. ಒಂದೇ ಸಲ ಹೊಡೆಯಲು ಸಾಧ್ಯವೆಂದಾದರೆ ಅಕ್ಟೋಬರಿನ ಬಿಸಿಲು ಕಂಡ ಮೇಲೆ ಹಾಲು ತುಂಬುವ ಹಂತದಲ್ಲೇ ಹೊಡೆಯುವುದು ವಿವೇಕ. ಎರೆ ಸೀಮೆಯ ಹಿಂಗಾರಿ ಜೋಳಕ್ಕೆ ಮಳೆಯ ಕಾಟವಿಲ್ಲ, ಬದಲಿಗೆ ಬೇಸಗೆಯಂಥ ಹೊಲಕ್ಕೆ 200 ಲೀಟರ್ ನೀರು ಹೊರುವ ಕಾಟವಿದೆ. ಆಳೆತ್ತರ ಮೀರುವ ಮಾಲದಂಡಿ ಜೋಳದ ತೆನೆಗೆ ಬೆನ್ನಿನ ಪಂಪು ಎಟುಕುವುದೂ ಇಲ್ಲ. ಈಚೆಗೆ ಬಾಡಿಗೆಗೆ ಸಿಗತೊಡಗಿರುವ ಡ್ರೋನ್ ಅಲ್ಲಿ ಉಪಯೋಗಕ್ಕೆ ಬರಬಹುದು, ಆದರೆ ಡ್ರೋನಿನಲ್ಲಿ ನೀರು ಕಡಿಮೆಯಾಗಿ ದ್ರಾವಣ ಗಟ್ಟಿಯಾಗುವುದರಿಂದ ಎಲೆ ಸುಡದೆಂದು ಮೊದಲು ನಾಲ್ಕಾರು ಸಾಲಿನಲ್ಲಿ ನೋಡಿಕೊಂಡೇ ಮುಂದುವರಿಯಬೇಕು. ಪಂಪು ತೊಳೆದ ನೀರನ್ನು ಹಳ್ಳಕ್ಕಾಗಲಿ ಬಾವಿಯ ಪಕ್ಕಕ್ಕಾಗಲಿ ಚೆಲ್ಲಬಾರದು, ಕರಗಿದ ಸತು ಮೀನಿಗೆ ನಂಜು.

ಸಾರಜನಕ ಸಾಕಷ್ಟಿದ್ದಾಗಲೇ ಗಿಡ ಸತುವನ್ನು ಕಾಳಿಗೆ ಚೆನ್ನಾಗಿ ಸಾಗಿಸುತ್ತದೆ. ರಂಜಕ ಅತಿಯಾದರೆ ಸಾಗಣೆ ಕುಗ್ಗುತ್ತದೆ. ವರ್ಷಾವರ್ಷ ಡಿಎಪಿಯನ್ನು ಕಣ್ಣುಮುಚ್ಚಿ ಸುರಿಯುವ ಹೊಲದಲ್ಲಿ ಜಿಂಕ್ ಸಲ್ಫೇಟಿನ ಕೆಲಸ ಅರ್ಧಕ್ಕೇ ನಿಲ್ಲಬಹುದು.

ಎಷ್ಟು ಸಿಕ್ಕೀತು, ಯಾರಿಗೆ ಸಿಕ್ಕೀತು

ಏಳು ದೇಶಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಗೋಧಿಯ ಕಾಳಿನ ಸತು ಎಲೆ ಸಿಂಪರಣೆಯಿಂದ ಕಿಲೋಗೆ 27 ಮಿಲಿಗ್ರಾಂನಿಂದ 48ಕ್ಕೆ ಏರಿತು. ಅದೇ ವರ್ಷ ಪ್ರಕಟವಾದ, ಭಾರತವೂ ಸೇರಿದಂತೆ ಐದು ದೇಶಗಳ ಭತ್ತದ ಪ್ರಯೋಗಗಳಲ್ಲಿ ಸಿಪ್ಪೆಸಹಿತ ಭತ್ತದ ಸತು ಶೇ 66ರಷ್ಟು ಹೆಚ್ಚಿದರೂ ಸಿಪ್ಪೆ ತೆಗೆದ ಕೆಂಬಣ್ಣದ ಅಕ್ಕಿಯಲ್ಲಿ ಉಳಿದ ಏರಿಕೆ ಶೇ 25 ಮಾತ್ರ. ಸಿಂಪಡಿಸಿದ್ದರಲ್ಲಿ ದೊಡ್ಡ ಪಾಲು ಹೊಟ್ಟಿನ ಪಾಲಾಯಿತು. ಈ ಅಂಕಿಗಳನ್ನು ಅಡುಗೆಮನೆಗೆ ತಂದು ನೋಡಿದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಿಲೋಗೆ 14 ಮಿಲಿಗ್ರಾಂ ಸತುವಿದ್ದು ಅದು ಕಾಲುಭಾಗ ಹೆಚ್ಚಿತೆಂದುಕೊಂಡರೂ ದಿನಕ್ಕೆ 300 ಗ್ರಾಂ ಅಕ್ಕಿ ಉಣ್ಣುವವರಿಗೆ ಹೆಚ್ಚಾಗಿ ದಕ್ಕುವುದು ಒಂದು ಮಿಲಿಗ್ರಾಂನಷ್ಟು. ಗೋಧಿಯನ್ನು ಇಡಿಯಾಗಿ ಬೀಸಿ 200 ಗ್ರಾಂ ಹಿಟ್ಟಿನ ಚಪಾತಿ ತಿನ್ನುವವರಿಗೆ ನಾಲ್ಕು ಮಿಲಿಗ್ರಾಂ ದಾಟುತ್ತದೆ. ಆದ್ದರಿಂದ ಜೋಳ, ಗೋಧಿಯಂಥ ಇಡಿಯಾಗಿ ಬೀಸಿ ತಿನ್ನುವ ಧಾನ್ಯಕ್ಕೆ ಸಿಂಪರಣೆ ಹೆಚ್ಚು ಸಾರ್ಥಕವೆಂದೂ, ಭತ್ತದ ವಿಷಯದಲ್ಲಿ ಗೊಬ್ಬರದಷ್ಟೇ ಅಕ್ಕಿ ಗಿರಣಿಯೂ ಮುಖ್ಯವೆಂದೂ ಒಪ್ಪಿಕೊಳ್ಳಬೇಕಾಗುತ್ತದೆ. ಗಿರಣಿಯಲ್ಲಿ ಅಕ್ಕಿ ಹಾಲಿನಂತೆ ಬೆಳ್ಳಗಾಗುವವರೆಗೆ ಉಜ್ಜಿಸದೆ ಒಂದೇ ಸುತ್ತಿಗೆ ನಿಲ್ಲಿಸಿಕೊಂಡರೆ ತೌಡಿನ ಪದರದ ಸತು ಮತ್ತು ಅದಕ್ಕಿಂತ ಹೆಚ್ಚಾಗಿ ಕಬ್ಬಿಣ ಉಳಿಯುತ್ತದೆ. ಹಾಗೆಂದು ತೌಡಿನಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ. ಅದರಲ್ಲಿನ ಫೈಟಿಕ್ ಆಮ್ಲ ಸತುವನ್ನು ಕರುಳಿನಲ್ಲಿ ಹಿಡಿದು ಹೊರಗೊಯ್ಯುತ್ತದೆ. ಅಂಬಲಿಯನ್ನು ಹುಳಿಯಿಸುವ, ಇಡ್ಲಿ-ದೋಸೆಯ ಹಿಟ್ಟನ್ನು ರಾತ್ರಿಯಿಡೀ ಇಡುವ, ಕಾಳನ್ನು ಮೊಳಕೆ ಬರಿಸುವ ಹಳೆಯ ಪದ್ಧತಿಗಳು ಆ ಆಮ್ಲವನ್ನೇ ಒಡೆಯುತ್ತವೆ.

ಬೆಲೆಯ ಪ್ರಶ್ನೆಯನ್ನು ಮಾಹಿತಿ ಪತ್ರಗಳು ಸಾಮಾನ್ಯವಾಗಿ ಹಾಯ್ದುಹೋಗುತ್ತವೆ. ಸತು ಕಡಿಮೆಯಿರುವ ಮಣ್ಣಿಗೆ ಹಾಕಿದ ಜಿಂಕ್ ಸಲ್ಫೇಟ್ ಇಳುವರಿಯ ರೂಪದಲ್ಲಿ ರೈತನಿಗೇ ಹಣ ಹಿಂದಿರುಗಿಸುತ್ತದೆ. ಹಾಲು ತುಂಬುವಾಗಿನ ಸಿಂಪರಣೆಯಾದರೋ ಇಳುವರಿಗೆ ಅಷ್ಟಾಗಿ ಸೇರುವುದಿಲ್ಲ, ಬೆಳಗಾವಿಯ ಮಾರುಕಟ್ಟೆಯಲ್ಲಿ ಕಾಳಿನ ಸತುವನ್ನು ಅಳೆದು ದರ ಕೂಗುವವರೂ ಇಲ್ಲ. ಲಾಭ ಉಣ್ಣುವವನಿಗೆ, ಗೊಬ್ಬರ ಮತ್ತು ಆಳಿನ ಖರ್ಚು ಬೆಳೆಯುವವನಿಗೆ. ಸತು ಸೇರಿಸಿದ ರಸಗೊಬ್ಬರಗಳಿಗೆ ಕೇಂದ್ರ ಸರ್ಕಾರದ ಪೋಷಕಾಂಶ ಆಧಾರಿತ ಸಹಾಯಧನದಲ್ಲಿ ಹೆಚ್ಚುವರಿ ಮೊತ್ತವಿದೆಯಾದರೂ ಅದು ಮಣ್ಣಿಗೆ ಹಾಕುವ ಗೊಬ್ಬರಕ್ಕೆ, ಸಿಂಪರಣೆಯ ಕೂಲಿಗಲ್ಲ. ಹೀಗಿರುವಾಗ ಎಲ್ಲ ಹೊಲಕ್ಕೂ ಸಿಂಪಡಿಸಿರೆಂದು ರೈತನಿಗೆ ಬೋಧಿಸುವುದಕ್ಕಿಂತ, ಮನೆಯ ಊಟಕ್ಕೆಂದು ವರ್ಷದ ಕಾಳು ತೆಗೆದಿಡುವ ತಾಕನ್ನು ಗುರುತಿಸಿ ಅಷ್ಟಕ್ಕೆ ಮಾತ್ರ ಎರಡು ಸಿಂಪರಣೆ ಕೊಡಿರೆಂದು ಹೇಳುವುದು ನ್ಯಾಯವಾದ ಸಲಹೆ. ಖಾನಾಪುರದ ಸಣ್ಣ ಹಿಡುವಳಿದಾರರಲ್ಲಿ ಮನೆಯೂಟಕ್ಕೆ ಕಾಳು ಎತ್ತಿಡುವ ರೂಢಿ ಇನ್ನೂ ಇರುವುದರಿಂದ ಇದು ಸಾಧ್ಯ. ಆ ಮನೆಯಲ್ಲಿ ಬಸುರಿಯೋ ಬಾಣಂತಿಯೋ ಎಳೆಮಕ್ಕಳೋ ಇದ್ದರೆ ಖರ್ಚು ಮಾಡಿದ್ದಕ್ಕೆ ಅರ್ಥವೂ ಇದೆ. ಯಳ್ಳೂರು, ವಡಗಾವಿ ಕಡೆಯ ಗದ್ದೆಗಳ ಬೆಳಗಾವಿ ಬಾಸುಮತಿಯನ್ನು ಪರಿಮಳಕ್ಕಾಗಿ ಹೆಚ್ಚು ಬೆಲೆ ಕೊಟ್ಟು ನೇರವಾಗಿ ಬೆಳೆಗಾರರಿಂದ ಕೊಳ್ಳುವ ನಗರದ ಮನೆಗಳು, ಸಿಂಪಡಿಸಿ ಹೆಚ್ಚು ಪಾಲಿಶ್ ಮಾಡದ ಅಕ್ಕಿಗೂ ನಾಲ್ಕು ರೂಪಾಯಿ ಸೇರಿಸಿ ಕೊಡಲು ಒಪ್ಪಿದರೆ ಲೆಕ್ಕ ಬೇರೆಯಾಗುತ್ತದೆ.

ತಳಿಯ ಆಯ್ಕೆಯೂ ಗೊಬ್ಬರದ ಬದಲಿಯಲ್ಲ, ಅದರ ಜೊತೆಗಾರ. ಸತು ಹೆಚ್ಚಿರುವ ತಳಿಯೂ ಸತುವಿಲ್ಲದ ಮಣ್ಣಿನಲ್ಲಿ ತನ್ನ ಗುಣ ತೋರಿಸಲಾರದು. ಕೂರಿಗೆ ಬಿತ್ತನೆಗೆ ಒಗ್ಗಿದ ಸ್ಥಳೀಯ ತಳಿಗಳನ್ನು ಬಿಟ್ಟು ಹೊಸದಕ್ಕೆ ಹಾರುವ ಮುನ್ನ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ, ಈ ಭಾಗದ ಭತ್ತದ ಮೇಲೆಯೇ ಕೆಲಸ ಮಾಡುವ ಮುಗದ ಸಂಶೋಧನಾ ಕೇಂದ್ರದಲ್ಲಾಗಲಿ, ಮತ್ತಿಕೊಪ್ಪ ಅಥವಾ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಾಗಲಿ ವಿಚಾರಿಸುವುದು ಲೇಸು.

ಸಿಂಪಡಿಸಿದ ತಾಕಿನಿಂದ ಮನೆಯೂಟಕ್ಕೆ ತೆಗೆಯುವಾಗಲೇ ಮುಂದಿನ ಮುಂಗಾರಿಗೆ ಬೇಕಾದ ಬೀಜವನ್ನೂ, ಅದು ಹೈಬ್ರಿಡ್ ಅಲ್ಲದಿದ್ದರೆ, ಬೇರೆಯಾಗಿ ಎತ್ತಿಡಬಹುದು: ಸತು ತುಂಬಿದ ಬೀಜದ ಸಸಿ ಕೊರತೆಯ ಮಣ್ಣಿನಲ್ಲೂ ಚುರುಕಾಗಿ ಏಳುವುದರಿಂದ, ಮೇ ಕೊನೆಯ ಒಣಬಿತ್ತನೆಯಲ್ಲಿ ಮಳೆ ಬಿದ್ದೊಡನೆ ಕಳೆಯೊಡನೆ ಪೈಪೋಟಿಗೆ ನಿಲ್ಲಬೇಕಾದ ಖಾನಾಪುರದ ಭತ್ತದಲ್ಲಿ ಸಿಂಪರಣೆಯ ಖರ್ಚಿನ ಒಂದು ಪಾಲು ಹಿಂದಿರುಗುತ್ತದೆ.